ಔಷಧ ಮುಟ್ಟದ ಮೂಳೆ

ತಾರ್ನಾಕದ ಚೌರಸ್ತಾದಲ್ಲಿ ನಿಂತರೆ ಒಂದು ಕಡೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಮರಗಳು, ಅದರ ಮಗ್ಗುಲಲ್ಲೇ ರಾಷ್ಟ್ರೀಯ ಪೋಷಣ ಸಂಸ್ಥೆ. ಉಪ್ಪಲ್ ರಸ್ತೆಗೆ ತಿರುಗಿದರೆ ಐಐಸಿಟಿ, ಇನ್ನೂ ಮುಂದೆ ಹೋದರೆ ಹಬ್ಸಿಗುಡದ ಸಿಸಿಎಂಬಿ. ವಿಜ್ಞಾನದ ದೊಡ್ಡ ಹೆಸರುಗಳೆಲ್ಲ ಒಂದೇ ದಾರಿಯಲ್ಲಿ ಸಾಲಾಗಿ ನಿಂತಿವೆ. ಇದೇ ದಾರಿಯ ಔಷಧಿ ಅಂಗಡಿಗಳ ಮುಂದೆ ಸಂಜೆ ಹೊತ್ತು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದ ಹಿರಿಯರು ಒಬ್ಬರಾದರೂ ಕಾಣುತ್ತಾರೆ. ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ. ಕೇಳುವುದು ಅದೇ ಹಳೆಯ ಮಾತ್ರೆ, ಇನ್ನೊಂದು ವಾರಕ್ಕೆ.

ಅಂಥ ಚೀಟಿಗಳ ಹಿಂದಿರುವ ಒಂದು ರೋಗದ ಚರಿತ್ರೆಯನ್ನು ಇಲ್ಲಿ ಹೇಳಹೊರಟಿದ್ದೇನೆ: ಪಾದದಲ್ಲಿ ಮತ್ತು ಪಾದದ ಗಂಟಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೀಡುಬಿಡುವ ಮೂಳೆಯ ಸೋಂಕು. ವೈದ್ಯರು ಇದನ್ನು ಕ್ರಾನಿಕ್ ಆಸ್ಟಿಯೋಮೈಲೈಟಿಸ್ ಎನ್ನುತ್ತಾರೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಯೋಜನೆಗಳ ಗಡುವು ಕಾಯುವವನು. ಆದರೆ ರಾಯಚೂರು ಕಡೆಯವನಾದ್ದರಿಂದ, ಊರಿನಿಂದ ಹೈದರಾಬಾದಿನ ಆಸ್ಪತ್ರೆಗೆಂದು ಬರುವವರ ಜೊತೆ ಸಾಲಿನಲ್ಲಿ ಕೂರುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗಿದೆ. ಆ ಸಾಲಿನಲ್ಲಿ ಕೂತಾಗ ಹುಟ್ಟಿದ ಪ್ರಶ್ನೆಯೊಂದು ಈ ಓದಿಗೆ ಹಚ್ಚಿತು. ಇಷ್ಟೊಂದು ಔಷಧ ತಯಾರಾಗುವ ಊರಿನಲ್ಲೇ ಒಂದು ಕಾಲ್ಬೆರಳಿನ ಹುಣ್ಣು ಯಾಕೆ ವಾಸಿಯಾಗುವುದಿಲ್ಲ?

ಉತ್ತರದ ಅರ್ಧ ಭಾಗ ಮೂಳೆಯೊಳಗೇ ಇದೆ. ಮೂಳೆ ಎಂದರೆ ಕಲ್ಲಲ್ಲ, ಅದರೊಳಗೆ ರಕ್ತ ಹರಿಯುತ್ತದೆ. ರೋಗಾಣು ಒಳಹೊಕ್ಕಾಗ ಕೀವು ತುಂಬಿ ಒತ್ತಡ ಏರುತ್ತದೆ. ಮೆತ್ತಗಿನ ಮಾಂಸವಾದರೆ ಊದಿಕೊಂಡು ಜಾಗ ಬಿಡುತ್ತದೆ, ಮೂಳೆ ಊದಲಾರದು. ಒತ್ತಡಕ್ಕೆ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ ಆ ಭಾಗದ ಮೂಳೆ ಸಾಯುತ್ತದೆ. ದೇಹ ಅದರ ಸುತ್ತ ಹೊಸ ಮೂಳೆ ಕಟ್ಟಲು ತೊಡಗುತ್ತದೆ, ಸತ್ತ ಚೂರು ನಡುವೆ ಸೆರೆಯಾಗುತ್ತದೆ. ರೋಗಾಣುಗಳು ಆ ಚೂರಿಗೆ ಅಂಟಿಕೊಂಡು, ತಮ್ಮ ಮೇಲೆ ಲೋಳೆಯಂಥ ಒಂದು ಹೊದಿಕೆ ಹೊದ್ದುಕೊಂಡು ಕೂರುತ್ತವೆ. ನುಂಗಿದ ಮಾತ್ರೆಯಾಗಲಿ, ಚುಚ್ಚಿದ ಇಂಜೆಕ್ಷನ್ನಾಗಲಿ ರಕ್ತದ ಮೂಲಕವೇ ಹೋಗಬೇಕು. ರಕ್ತವೇ ಹರಿಯದ ಜಾಗಕ್ಕೆ ಔಷಧ ಹೋಗುವುದು ಹೇಗೆ? ಆಗಾಗ ಕೀವು ದಾರಿ ಮಾಡಿಕೊಂಡು ಚರ್ಮದಲ್ಲಿ ತೂತಾಗಿ ಸೋರುತ್ತದೆ, ಮಾತ್ರೆ ತಿಂದರೆ ತೂತು ಮುಚ್ಚುತ್ತದೆ, ನಾಲ್ಕು ತಿಂಗಳಿಗೆ ಮತ್ತೆ ತೆರೆಯುತ್ತದೆ. ಮನೆಯವರು "ವಾಸಿಯಾಗಿತ್ತು, ಮತ್ತೆ ಬಂತು" ಎನ್ನುತ್ತಾರೆ. ಅದು ಎಲ್ಲೂ ಹೋಗಿರುವುದಿಲ್ಲ.

ಪಾದ ಈ ರೋಗಕ್ಕೆ ಹೇಳಿ ಮಾಡಿಸಿದಂಥ ಜಾಗ. ಒಂದೊಂದು ಪಾದದಲ್ಲಿ 26 ಮೂಳೆಗಳು. ಹಲವು ಕಡೆ ಚರ್ಮಕ್ಕೂ ಮೂಳೆಗೂ ನಡುವೆ ಬೆರಳ ದಪ್ಪದ ಮಾಂಸವೂ ಇಲ್ಲ. ಇಡೀ ಮೈಯ ಭಾರ ಅದರ ಮೇಲೆ. ಹೃದಯದಿಂದ ಅತಿ ದೂರದ ಜಾಗವೂ ಅದೇ.

ರೋಗ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ನಾಡೀವ್ರಣ ಎಂಬ ಮಾತಿದೆ, ಆಳಕ್ಕೆ ಕೊಳವೆಯ ಹಾಗೆ ಇಳಿದು ಸೋರುತ್ತಿರುವ ಹುಣ್ಣು ಎಂದು ಅದರ ಅರ್ಥ. ಆ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಲು ಏಷಣಿ ಎಂಬ ಸಲಾಕೆಯನ್ನೂ ಅಲ್ಲಿ ಹೇಳಿದೆ. ಯುರೋಪಿನಲ್ಲಿ ಆಸ್ಟಿಯೋಮೈಲೈಟಿಸ್ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರೆಂಚ್ ಶಸ್ತ್ರವೈದ್ಯ ನೆಲಾಟೊನ್, 1844ರಲ್ಲಿ. 1880ರಲ್ಲಿ ಲೂಯಿ ಪಾಶ್ಚರ್ ಸಾಮಾನ್ಯ ಕುರುವಿನ ಕೀವಿನಲ್ಲೂ ಮೂಳೆಯ ಕೀವಿನಲ್ಲೂ ಒಂದೇ ಜೀವಾಣುವನ್ನು ಕಂಡು, ಇದು ಮೂಳೆಯ ಮಜ್ಜೆಗೆ ಎದ್ದ ಕುರು ಎಂದ. ಮುಂದೆ ಸ್ಟ್ಯಾಫಿಲೊಕಾಕಸ್ ಎಂಬ ಹೆಸರು ಪಡೆದ ಆ ಜೀವಾಣುವೇ ಇಂದಿಗೂ ಮೂಳೆ ಸೋಂಕಿನ ಮುಖ್ಯ ಕಾರಣ.

ಇದೇ ಹೊತ್ತಿಗೆ ದಕ್ಷಿಣ ಭಾರತದ ಇನ್ನೊಂದು ಪಾದ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋಗಿತ್ತು. 1840ರ ದಶಕದಲ್ಲಿ ಮಧುರೆಯ ಔಷಧಾಲಯದ ವೈದ್ಯರು ಬರಿಗಾಲಿನ ರೈತರಲ್ಲಿ ಒಂದು ವಿಚಿತ್ರ ರೋಗ ಕಂಡರು. ಪಾದ ಗಡ್ಡೆಯ ಹಾಗೆ ಊದಿ, ಹತ್ತಾರು ತೂತುಗಳಿಂದ ಸಾಸಿವೆಯಂಥ ಕಾಳುಗಳು ಕೀವಿನ ಜೊತೆ ಹೊರಬೀಳುತ್ತಿದ್ದವು. ಅದಕ್ಕೆ ಮಧುರಾ ಫುಟ್ ಎಂದೇ ಹೆಸರಾಯಿತು. ಅದರ ಬೇರು ಹುಡುಕಿದವನು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್. ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಬಲ್ಲ 'ಗ್ರೇಸ್ ಅನಾಟಮಿ'ಗೆ 1858ರಲ್ಲಿ ಚಿತ್ರ ಬರೆದವನೂ ಅವನೇ. ಇದು ಶಿಲೀಂಧ್ರದಿಂದ ಬರುವ ರೋಗ ಎಂದು ವಾದಿಸಿ, ಮೈಸಿಟೋಮ ಎಂದು ಹೆಸರಿಟ್ಟು, 1874ರಲ್ಲಿ ಅದರ ಬಗ್ಗೆ ಇಡೀ ಪುಸ್ತಕ ಬರೆದ. ಕೆಲವು ಬಗೆಯ ಮೈಸಿಟೋಮ ಶಿಲೀಂಧ್ರದಿಂದಲೂ ಕೆಲವು ಬ್ಯಾಕ್ಟೀರಿಯಾದಿಂದಲೂ ಬರುತ್ತವೆ ಎಂಬುದು ಆಮೇಲೆ ತಿಳಿಯಿತು. ಮಣ್ಣಿನಲ್ಲಿರುವ ಈ ಜೀವಿಗಳು ಮುಳ್ಳು ಚುಚ್ಚಿದಾಗ ಒಳಹೋಗುತ್ತವೆ. ಎರೆ ಹೊಲ, ಜಾಲಿ ಮುಳ್ಳು, ಬರಿಗಾಲು ಇವು ಮೂರೂ ಸೇರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುಚ್ಚಿದ ಮುಳ್ಳನ್ನು ಪಿನ್ನಿನಿಂದ ಕಿತ್ತು, ಎಕ್ಕದ ಹಾಲು ಹಾಕಿ, ಮತ್ತೆ ಹೊಲಕ್ಕೆ ಇಳಿಯುವುದು ನಮ್ಮಲ್ಲಿ ಎಷ್ಟು ಸಹಜವಾಗಿತ್ತು! ಈ ರೋಗಕ್ಕೆ ನೋವು ಕಡಿಮೆ. ಹಾಗಾಗಿ ಮೂಳೆಗೆ ಇಳಿದ ಮೇಲೆಯೇ ಜನ ಆಸ್ಪತ್ರೆಗೆ ಹೋಗುತ್ತಿದ್ದರು. ಆಗ ಉಳಿದಿದ್ದ ದಾರಿ ಒಂದೇ, ಕಾಲು ಕತ್ತರಿಸುವುದು.

ಎಷ್ಟು ಮೇಲೆ ಕತ್ತರಿಸಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ಪ್ರಶ್ನೆ. ಪಾದದ ಮೂಳೆ ಕೊಳೆತರೂ ಮೊಣಕಾಲಿನ ಕೆಳಗೆ ಕಡಿದು ಮರದ ಕಾಲು ಕಟ್ಟುವುದು ಆಗಿನ ವಾಡಿಕೆ. 1842ರಲ್ಲಿ ಎಡಿನ್‌ಬರೋದ ಜೇಮ್ಸ್ ಸೈಮ್ ಎಂಬ ಶಸ್ತ್ರವೈದ್ಯ ಪಾದದ ಮೂಳೆ ಕೊಳೆತ ಹುಡುಗನೊಬ್ಬನಿಗೆ ಬೇರೆ ರೀತಿ ಮಾಡಿದ. ಪಾದದ ಗಂಟಿನಲ್ಲೇ ಕಡಿದು, ಹಿಮ್ಮಡಿಯ ದಪ್ಪ ಚರ್ಮವನ್ನು ಉಳಿಸಿ, ಅದನ್ನೇ ಕಾಲಿನ ತುದಿಗೆ ಮೆತ್ತೆಯಾಗಿ ಹೊಲಿದ. ಹುಟ್ಟಿನಿಂದ ಭಾರ ಹೊತ್ತು ಪಳಗಿದ ಚರ್ಮ ಅದು. ಅದರ ಮೇಲೆ ನೆಲಕ್ಕೆ ಊರಿ ನಡೆಯಬಹುದಿತ್ತು. ಸೈಮ್ ಆಂಪ್ಯುಟೇಶನ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಎಷ್ಟು ಬೇಕೋ ಅಷ್ಟೇ ತೆಗೆ, ನಡೆಯುವುದಕ್ಕೆ ಬೇಕಾದ್ದನ್ನು ಉಳಿಸು ಎಂಬ ಆಲೋಚನೆ ಪಾದದ ಚಿಕಿತ್ಸೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಆ ಸೈಮ್‌ನ ಶಿಷ್ಯನೊಬ್ಬ ಹೈದರಾಬಾದಿಗೆ ಬಂದ. ಅವನೇ ಎಡ್ವರ್ಡ್ ಲಾರಿ, ಇಲ್ಲಿನ ರೆಸಿಡೆನ್ಸಿಯ ಶಸ್ತ್ರವೈದ್ಯ, ಹೈದರಾಬಾದ್ ಮೆಡಿಕಲ್ ಸ್ಕೂಲಿನ ಮುಖ್ಯಸ್ಥ. 1846ರಲ್ಲಿ ಶುರುವಾದ ಆ ಶಾಲೆಯ ಬಗ್ಗೆ ಇಲ್ಲಿನವರು ಒಂದು ಕಥೆ ಹೇಳುತ್ತಾರೆ. ನಾಲ್ಕನೆಯ ನಿಜಾಮ ನಾಸಿರುದ್ದೌಲಾಗೆ ಸಕ್ಕರೆ ಕಾಯಿಲೆಯಿತ್ತಂತೆ, ಮೆಕ್ಲೀನ್ ಎಂಬ ಇಂಗ್ಲಿಷ್ ವೈದ್ಯ ಔಷಧವನ್ನೇ ಕೊಡದೆ ಊಟದ ಪಥ್ಯದಿಂದ ಹತೋಟಿಗೆ ತಂದನಂತೆ, ಮೆಚ್ಚಿದ ನಿಜಾಮ ಶಾಲೆ ತೆರೆಸಿದನಂತೆ. ಮುಂದೆ ಇದೇ ಸಕ್ಕರೆ ಕಾಯಿಲೆ ಈ ಚರಿತ್ರೆಯ ನಡುಮನೆಗೇ ಬರುವುದರಿಂದ ಕಥೆಯನ್ನು ನೆನಪಿಟ್ಟುಕೊಳ್ಳಬಹುದು.

ಲಾರಿಯ ಆಸಕ್ತಿ ಕ್ಲೋರೋಫಾರ್ಮ್. ಸತ್ತ ಮೂಳೆಯನ್ನು ಕೆರೆದು ತೆಗೆಯುವುದು ನಿಧಾನದ ಕೆಲಸ. ಕೂಗುವವನನ್ನು ನಾಲ್ಕು ಜನ ಹಿಡಿದುಕೊಂಡು ಮಾಡುವಂಥದ್ದಲ್ಲ. ಕಾಲು ಕಡಿಯುವುದನ್ನು ಎರಡು ನಿಮಿಷದಲ್ಲಿ ಮುಗಿಸಬಹುದು. ಕಾಲು ಉಳಿಸಬೇಕಾದರೆ ರೋಗಿ ನಿದ್ದೆಯಲ್ಲಿರಬೇಕು. ಆದರೆ ಕ್ಲೋರೋಫಾರ್ಮ್ ಕೊಟ್ಟ ಕೆಲವರು ಮೇಜಿನ ಮೇಲೇ ಸಾಯುತ್ತಿದ್ದರು. ಅದು ಹೃದಯ ನಿಂತು ಆಗುವುದೋ ಉಸಿರು ನಿಂತು ಆಗುವುದೋ ಎಂದು ತಿಳಿಯಲು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಸರ್ಕಾರದ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಕೂತವು. ಎರಡನೆಯದಕ್ಕೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಲಾಡರ್ ಬ್ರಂಟನ್ ಎಂಬ ತಜ್ಞನನ್ನೇ ಕಳಿಸಿತು. ಇಲ್ಲಿ ಓದಿದ ರೂಪಾಬಾಯಿ ಫರ್ದೂಂಜಿ ಆ ಪ್ರಯೋಗಗಳಲ್ಲಿ ಪಾಲ್ಗೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಕರೆಯುವವರಿದ್ದಾರೆ. ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಅಪಾಯವಿಲ್ಲ ಎಂದು ಆಯೋಗ ಹೇಳಿತು. ಆ ತೀರ್ಮಾನ ನಿಲ್ಲಲಿಲ್ಲ. 1911ರಲ್ಲಿ ಲೆವಿ ಎಂಬ ಸಂಶೋಧಕ, ಹಗುರವಾಗಿ ಕೊಟ್ಟ ಕ್ಲೋರೋಫಾರ್ಮಿನಲ್ಲೂ ಹೃದಯದ ಲಯ ತಪ್ಪಿ ಸಾವಾಗಬಹುದೆಂದು ತೋರಿಸಿದ. ಆದರೂ ಉಸಿರಿನ ಮೇಲೆ ಕಣ್ಣಿಡಬೇಕೆಂಬ ಲಾರಿಯ ಹಟ ಅರಿವಳಿಕೆಯ ಪಾಠವಾಗಿ ಉಳಿಯಿತು.

ಈ ಪ್ರಯೋಗಗಳ ಕಾಲದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಮೂಸಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅದರ ಅಂಗಳದ ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿದರೆಂದು ಹೇಳುತ್ತಾರೆ, ಮರ ಈಗಲೂ ಇದೆ. ಅದರ ಬದಲಿಗೆ ವಿನ್ಸೆಂಟ್ ಎಷ್ ವಿನ್ಯಾಸ ಮಾಡಿದ ಉಸ್ಮಾನಿಯಾ ಜನರಲ್ ಆಸ್ಪತ್ರೆ 1920ರ ದಶಕದಲ್ಲಿ ಮೂಸಿಯ ದಡದಲ್ಲಿ ಎದ್ದಿತು. 1956ರ ನವೆಂಬರ್ 1ರವರೆಗೆ ರಾಯಚೂರು, ಕಲಬುರಗಿ, ಬೀದರಗಳಿಗೆ ಹೈದರಾಬಾದೇ ರಾಜಧಾನಿ. ದೊಡ್ಡ ಆಸ್ಪತ್ರೆ ಎಂದರೆ ಅದೇ. ರಾಜ್ಯ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಇಂದಿಗೂ ನಮ್ಮ ಕಡೆಯ ಹಲವರು ಬೆಂಗಳೂರಿನ ಬಸ್ಸು ಬಿಟ್ಟು ಹೈದರಾಬಾದಿನ ಬಸ್ಸು ಹತ್ತುತ್ತಾರೆ.

ಔಷಧಗಳು ಬರುವ ಮೊದಲು ಮೂಳೆ ಸೋಂಕಿಗೆ ಎರಡು ವಿಚಿತ್ರ ಉಪಾಯಗಳಿದ್ದವು, ಎರಡೂ ಮೊದಲ ಮಹಾಯುದ್ಧದ ಕಲಿಕೆ. ಅಮೆರಿಕದ ವಿನೆಟ್ ಆರ್, ಸತ್ತ ಮೂಳೆ ತೆಗೆದು, ಗಾಯಕ್ಕೆ ವ್ಯಾಸಲೀನ್ ಬಟ್ಟೆ ತುಂಬಿ, ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಮುಟ್ಟದೆ ಬಿಟ್ಟ. ದುರ್ವಾಸನೆ ಸಹಿಸಲಾಗುತ್ತಿರಲಿಲ್ಲ, ಆದರೆ ಗಾಯ ಮಾಗುತ್ತಿತ್ತು. ಬಾಲ್ಟಿಮೋರಿನ ವಿಲಿಯಂ ಬೇರ್, ರಣರಂಗದಲ್ಲಿ ದಿನಗಟ್ಟಲೆ ಬಿದ್ದಿದ್ದ ಸೈನಿಕರ ಗಾಯದಲ್ಲಿ ಹುಳು ಬಿದ್ದಿದ್ದರೂ ಕೆಳಗಿನ ಮಾಂಸ ಕೆಂಪಗೆ ಆರೋಗ್ಯವಾಗಿದ್ದುದನ್ನು 1917ರಲ್ಲಿ ಕಂಡಿದ್ದ. ಹನ್ನೆರಡು ವರ್ಷಗಳ ನಂತರ ಮೂಳೆ ಸೋಂಕಿನ ಮಕ್ಕಳಿಗೆ ಬೇಕೆಂದೇ ನೊಣದ ಮರಿಗಳನ್ನು ಬಿಟ್ಟು ಚಿಕಿತ್ಸೆ ಮಾಡಿದ. ಹುಳು ಸತ್ತದ್ದನ್ನಷ್ಟೇ ತಿಂದು ಜೀವಂತವಾದದ್ದನ್ನು ಬಿಡುತ್ತಿತ್ತು. ಅಸಹ್ಯವೆನಿಸಿದರೂ ಇಬ್ಬರ ತತ್ವವೂ ಸರಿ: ಸತ್ತದ್ದನ್ನು ತೆಗೆ, ಕಾಲಿಗೆ ವಿಶ್ರಾಂತಿ ಕೊಡು.

1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಭಾರತದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಸ್ಥಾಪನೆಯಾಯಿತು. ಮಕ್ಕಳಿಗೆ ಏಕಾಏಕಿ ಬರುವ ಮೂಳೆ ಸೋಂಕು ಮೊದಲು ಎಷ್ಟೋ ಸಲ ಪ್ರಾಣವನ್ನೇ ತೆಗೆಯುತ್ತಿತ್ತು. ಈಗ ಬೇಗ ಔಷಧ ಕೊಟ್ಟರೆ ಮೂಳೆಯೂ ಉಳಿಯತೊಡಗಿತು. ಆದರೆ ಹಳೆಯ ಸೋಂಕು, ಸತ್ತ ಚೂರು ಒಳಗಿರುವ ಸೋಂಕು, ಪೆನಿಸಿಲಿನ್ನಿಗೂ ಪೂರ್ತಿ ಮಣಿಯಲಿಲ್ಲ. ಸ್ಟ್ಯಾಫಿಲೊಕಾಕಸ್ ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ನನ್ನು ಮುರಿಯುವ ವಿದ್ಯೆಯನ್ನೂ ಕಲಿಯಿತು.

ಪಾದದ ಬಗ್ಗೆ ಮುಂದಿನ ದೊಡ್ಡ ತಿಳಿವಳಿಕೆ ಬಂದದ್ದು ಎಲ್ಲರೂ ದೂರ ಇಟ್ಟಿದ್ದ ಜನರಿಂದ. ನಿಜಾಮರ ರಾಜ್ಯದಲ್ಲೇ, ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯಲ್ಲಿ ಇಸಬೆಲ್ ಕೆರ್ ಮತ್ತು ಜಾರ್ಜ್ ಕೆರ್ ದಂಪತಿ 1915ರ ಹೊತ್ತಿಗೆ ಕುಷ್ಠ ರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಚಾಲ್‌ಮೂಗ್ರಾ ಎಣ್ಣೆಯ ಚುಚ್ಚುಮದ್ದು ಆಗಿನ ಚಿಕಿತ್ಸೆ. ಕುಷ್ಠದಲ್ಲಿ ಪಾದದ ಮಾಂಸ ತಾನಾಗಿ ಕೊಳೆಯುತ್ತದೆ ಎಂದೇ ಎಲ್ಲರೂ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಆ ನಂಬಿಕೆಯನ್ನು ಪ್ರಶ್ನಿಸಿದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ ಬೆಳೆದ ಇಂಗ್ಲಿಷ್ ಶಸ್ತ್ರವೈದ್ಯ ಅವರು. ಅವರು ಕಂಡದ್ದಿಷ್ಟು: ಈ ರೋಗಿಗಳ ಮಾಂಸ ನಮ್ಮ ನಿಮ್ಮ ಮಾಂಸದಂತೆಯೇ ಮಾಗುತ್ತದೆ. ಇಲ್ಲದಿರುವುದು ನೋವು. ಚಪ್ಪಲಿಯೊಳಗೆ ಕಲ್ಲು ಸಿಕ್ಕರೆ ನಾವು ಎರಡನೆಯ ಹೆಜ್ಜೆಗೆ ನಿಲ್ಲುತ್ತೇವೆ. ಅವರು ಇಡೀ ದಿನ ನಡೆಯುತ್ತಾರೆ. ಒತ್ತಡ ಬಿದ್ದ ಜಾಗ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿಯುತ್ತದೆ. ಹಾಗಾದರೆ ಚಿಕಿತ್ಸೆಯೆಂದರೆ ಆ ಜಾಗದ ಮೇಲಿನ ಭಾರ ತೆಗೆಯುವುದು. ಪಾದಕ್ಕೆ ಅಂಟಿ ಕೂರುವ ಪ್ಲಾಸ್ಟರನ್ನು ಭಾರತ ಮತ್ತು ಸಿಲೋನಿನ ವೈದ್ಯರು 1930ರ ದಶಕದಲ್ಲೇ ಇಂಥ ಹುಣ್ಣುಗಳಿಗೆ ಬಳಸಿದ್ದರು. ಬ್ರ್ಯಾಂಡ್ ತಂಡ ಅದನ್ನು ಪಳಗಿಸಿತು, ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳನ್ನು ಮಾಡಿಸಿತು. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಯಿಸಿಯಾನಕ್ಕೆ ಹೋದಾಗ ಈ ಪ್ಲಾಸ್ಟರೂ ಜೊತೆಗೆ ಹೋಯಿತು. ಅಲ್ಲಿ ಸಕ್ಕರೆ ಕಾಯಿಲೆಯವರ ಮರಗಟ್ಟಿದ ಪಾದಕ್ಕೂ ಅದೇ ಮದ್ದಾಯಿತು. ಇಂದು ಜಗತ್ತಿನ ಮಧುಮೇಹ ಪಾದ ಚಿಕಿತ್ಸೆಯ ಕೈಪಿಡಿಗಳಲ್ಲಿರುವ ಆ ಪ್ಲಾಸ್ಟರಿನ ಬೇರು ನಮ್ಮ ಕಡೆಯ ಕುಷ್ಠಾಲಯಗಳಲ್ಲಿದೆ.

ಈಗ ಮತ್ತೆ ಹೈದರಾಬಾದಿಗೆ ಬರೋಣ. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಇಲ್ಲಿನ ಬಾಲಾನಗರದಲ್ಲಿ ಐಡಿಪಿಎಲ್ ಕಾರ್ಖಾನೆ ಬಂತು. 1944ರಲ್ಲಿ ನಿಜಾಮರ ಸರ್ಕಾರದ ಪ್ರಯೋಗಾಲಯವಾಗಿ ಹುಟ್ಟಿ, ಆಮೇಲೆ ರೀಜನಲ್ ರಿಸರ್ಚ್ ಲ್ಯಾಬೊರೇಟರಿಯಾಗಿ, ಕೊನೆಗೆ ಐಐಸಿಟಿಯಾದ ತಾರ್ನಾಕದ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರ ಒಂದು ಪೀಳಿಗೆಯೇ ತಯಾರಾಯಿತು. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲಿನ ಹಕ್ಕನ್ನು ತೆಗೆದು, ತಯಾರಿಸುವ ವಿಧಾನದ ಮೇಲಷ್ಟೇ ಹಕ್ಕು ಉಳಿಸಿತು. ಬೇರೆ ವಿಧಾನದಿಂದ ಅದೇ ಔಷಧ ಮಾಡಲು ಬಂದವರಿಗೆ ಬಾಗಿಲು ತೆರೆಯಿತು. ಐಡಿಪಿಎಲ್‌ನಲ್ಲಿ ದುಡಿದಿದ್ದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದರು. ಅದೇ ದಶಕದಲ್ಲಿ ಜರ್ಮನಿಯ ಬೇಯರ್ ಕಂಪನಿಯ ಸಿಪ್ರೊಫ್ಲಾಕ್ಸಸಿನ್ ಬಂತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1987ರಲ್ಲಿ. ಸ್ವಲ್ಪ ಕಾಲದಲ್ಲೇ ಹೈದರಾಬಾದಿನ ಸಿಪ್ರೊಲೆಟ್ ಮುಂತಾದ ಅಗ್ಗದ ಮಾತ್ರೆಗಳು ದೇಶದ ಹಳ್ಳಿ ಹಳ್ಳಿಯ ಅಂಗಡಿ ತಲುಪಿದವು.

ಮೂಳೆ ಸೋಂಕಿನವರಿಗೆ ಇದು ನಿಜಕ್ಕೂ ದೊಡ್ಡ ಸಂಗತಿ. ಅಲ್ಲಿಯವರೆಗೆ ಮೂಳೆಗೆ ಔಷಧ ಎಂದರೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿ ರಕ್ತನಾಳಕ್ಕೆ ಇಂಜೆಕ್ಷನ್. ಕೂಲಿ ಬಿಟ್ಟು ಆರು ವಾರ ಮಲಗುವವರು ಯಾರು? ಈ ಗುಂಪಿನ ಔಷಧಗಳು ಬಾಯಿಯ ಮೂಲಕ ತೆಗೆದುಕೊಂಡರೂ ಮೂಳೆಗೆ ಚೆನ್ನಾಗಿ ಇಳಿಯುತ್ತವೆ. 2019ರಲ್ಲಿ ಬ್ರಿಟನ್ನಿನ ಓವಿವಾ ಎಂಬ ಅಧ್ಯಯನ 1054 ಮೂಳೆ-ಕೀಲು ಸೋಂಕಿನ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಮೊದಲ ಆರು ವಾರ ಇಂಜೆಕ್ಷನ್ ಪಡೆದವರಲ್ಲಿ ಶೇ. 14.6, ಮಾತ್ರೆ ನುಂಗಿದವರಲ್ಲಿ ಶೇ. 13.2 ಮಂದಿಗೆ ಒಂದು ವರ್ಷದೊಳಗೆ ಚಿಕಿತ್ಸೆ ಸೋತಿತ್ತು. ಸರಿಯಾಗಿ ಆರಿಸಿದರೆ ಮಾತ್ರೆ ಇಂಜೆಕ್ಷನ್ನಿಗೆ ಕಡಿಮೆಯಲ್ಲ ಎಂದಾಯಿತು. ಆದರೆ ಆ ರೋಗಿಗಳಲ್ಲಿ ಬಹುತೇಕರಿಗೆ ಮೊದಲು ಶಸ್ತ್ರಚಿಕಿತ್ಸೆಯಾಗಿತ್ತು, ರೋಗಾಣು ಯಾವುದೆಂದು ನೋಡಿ ಔಷಧ ಆರಿಸಲಾಗಿತ್ತು. ಅಂಗಡಿಯಲ್ಲಿ ಚೀಟಿ ತೋರಿಸಿ ಇನ್ನೊಂದು ವಾರದ ಮಾತ್ರೆ ತಂದದ್ದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಅಗ್ಗದ ಮಾತ್ರೆಗೆ ಇನ್ನೊಂದು ಬೆಲೆಯೂ ಇತ್ತು. ಪಟನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಶುದ್ಧೀಕರಿಸುವ ಘಟಕವೊಂದಿದೆ. ಅಲ್ಲಿಂದ ಹೊರಬರುವ ನೀರನ್ನು ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಒಂದು ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್! ಮಾತ್ರೆ ನುಂಗಿದವರ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಆ ನೀರು ಹಳ್ಳಗಳ ಮೂಲಕ ಮಂಜೀರಾ ಸೇರುವ ದಾರಿಯಲ್ಲಿತ್ತು. ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಬರುವ ನಮ್ಮ ಮಂಜೀರಾ. ಮುಂದೆ ಕೊಳವೆ ಹಾಕಿ ಆ ನೀರನ್ನು ಮೂಸಿ ದಂಡೆಯ ಅಂಬರ್‌ಪೇಟೆಯ ಕೊಳಚೆ ಘಟಕಕ್ಕೆ ತಿರುಗಿಸಿದರು. ಅಂಬರ್‌ಪೇಟೆ ತಾರ್ನಾಕದಿಂದ ಆಟೋ ದೂರ. ಔಷಧದಲ್ಲಿ ಮುಳುಗಿದ ನೀರಿನಲ್ಲಿ ಉಳಿಯುವುದು ಆ ಔಷಧವನ್ನು ತಾಳಿಕೊಳ್ಳಬಲ್ಲ ಜೀವಾಣುಗಳು ಮಾತ್ರ. ಎಲ್ಲ ದೋಷ ಕಾರ್ಖಾನೆಗಳದ್ದೆಂದೂ ಅಲ್ಲ. ಜ್ವರಕ್ಕೆ, ನೆಗಡಿಗೆ, ಹೊಟ್ಟೆನೋವಿಗೆಲ್ಲ ದೇಶವೇ ಸಿಪ್ರೊ ನುಂಗಿತು. ಮೂಳೆಗೆ ಇಳಿಯಬಲ್ಲ ಒಳ್ಳೆಯ ಮಾತ್ರೆಯೊಂದು ಹಲವರ ಪಾಲಿಗೆ ಕೆಲಸ ಮಾಡದಂತಾಯಿತು. ಈ ಗುಂಪಿನ ಔಷಧಗಳು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವನ್ನೇ ಹರಿಯಬಲ್ಲವು ಎಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಕೊಟ್ಟರು.

ಇಷ್ಟರಲ್ಲಿ ರೋಗಿಯೂ ಬದಲಾಗಿದ್ದಾನೆ. ಬರಿಗಾಲಿನ ರೈತನ ಜಾಗದಲ್ಲಿ ಈಗ ಸಕ್ಕರೆ ಕಾಯಿಲೆಯವರು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ವರ್ಷಗಳು ಕಳೆದಂತೆ ಅದು ಪಾದದ ನರಗಳನ್ನು ಮಂಕು ಮಾಡುತ್ತದೆ, ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ನೋವಿಲ್ಲದ ಪಾದ, ರಕ್ತ ಸಾಲದ ಪಾದ: ಕುಷ್ಠಾಲಯದ ಪಾಠವೂ ಸತ್ತ ಮೂಳೆಯ ಪಾಠವೂ ಇಲ್ಲಿ ಒಂದಾಗುತ್ತವೆ.

ನಮ್ಮ ದೊಡ್ಡಪ್ಪನವರದು ಇದೇ ಕಥೆ. ಕಿರುಬೆರಳಿನ ಬುಡದಲ್ಲಿ ಆಣಿಯಂಥ ಹುಣ್ಣು. ಊರ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳಲ್ಲಿ ನಾಲ್ಕು ಬಗೆಯ ಮಾತ್ರೆ ಬದಲಾದವು. ಪ್ರತಿ ಸಲ ಹುಣ್ಣು ಬಾಯಿ ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಹೈದರಾಬಾದಿಗೆ ಬಂದಾಗಲೂ ಅವರ ಮಾತು ಒಂದೇ, "ಗುಳಿಗಿ ಬದಲ್ ಮಾಡ್ರಿ ಡಾಕ್ಟ್ರೇ, ಇದು ಹತ್ತವಲ್ದು." ಇಲ್ಲಿನ ಶಸ್ತ್ರವೈದ್ಯೆ ಗುಳಿಗೆಯ ಮಾತನ್ನೇ ಎತ್ತದೆ ಮೊದಲು ಪಾದದ ನಾಡಿ ಮುಟ್ಟಿ ನೋಡಿದರು. ಆಮೇಲೆ ಒಂದು ಮೊಂಡು ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿದರು. ಕಡ್ಡಿಯ ತುದಿಗೆ ಗಟ್ಟಿಯಾದದ್ದು ತಾಗಿತು. "ಮೂಳೆ" ಎಂದರು. ದೊಡ್ಡಪ್ಪನಿಗೆ ನೋವೇ ಆಗಲಿಲ್ಲ. ನಾವು ಹೆದರಿದ್ದು ಅದಕ್ಕೇ. ಸುಶ್ರುತನ ಏಷಣಿ ಮಾಡುತ್ತಿದ್ದ ಕೆಲಸವನ್ನೇ ಆ ಕಡ್ಡಿ ಮಾಡಿತ್ತು. 1995ರಿಂದ ಇದು ಮಧುಮೇಹ ಪಾದದ ಒಪ್ಪಿತ ಪರೀಕ್ಷೆ.

ಸತ್ತ ಮೂಳೆಯ ಚೂರನ್ನು ತೆಗೆದು, ಅದನ್ನೇ ಪ್ರಯೋಗಾಲಯಕ್ಕೆ ಕಳಿಸಿ, ಬಂದ ವರದಿಗೆ ತಕ್ಕ ಔಷಧ ಕೊಟ್ಟು, ಪ್ಲಾಸ್ಟರ್ ಹಾಕಿದರು. ಬೆರಳು ಹೋಯಿತು, ಪಾದ ಉಳಿಯಿತು. ಈಗ ರಬ್ಬರಿನ ಮೆತ್ತೆಯ ಚಪ್ಪಲಿ ಹಾಕಿಕೊಂಡು ದಿನಾ ಸಂಜೆ ಬಸವಣ್ಣನ ಗುಡಿಯವರೆಗೆ ನಡೆಯುತ್ತಾರೆ. ರಾತ್ರಿ ದೊಡ್ಡಮ್ಮ ಅವರ ಪಾದದಡಿ ಕನ್ನಡಿ ಹಿಡಿದು ನೋಡುತ್ತಾರೆ.

ಈ ಚಿಕಿತ್ಸೆಯ ಕ್ರಮ ಈಗ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಆರಂಭದ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಆಗ ಎಂಆರ್‌ಐ ಬೇಕಾಗಬಹುದು. ಹುಣ್ಣಿನ ಮೇಲ್ಮೈಯಿಂದ ಒರೆಸಿ ತೆಗೆದ ಕೀವಿಗಿಂತ ಮೂಳೆಯ ಚೂರಿನ ಪರೀಕ್ಷೆ ನಂಬಲರ್ಹ. ನಮ್ಮ ದೇಶದಲ್ಲಿ ಕ್ಷಯವೂ ಪಾದದ ಮೂಳೆಗೆ ಇಳಿಯುತ್ತದೆ, ಅದರ ಔಷಧವೇ ಬೇರೆ, ಅವಧಿಯೂ ತಿಂಗಳುಗಟ್ಟಲೆ. ಗಾಯವೇ ಇಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಅದು ಶಾರ್ಕೋ ಪಾದ ಎಂಬ ಬೇರೊಂದು ತೊಂದರೆ ಇರಬಹುದು. ಅದನ್ನು ಸೋಂಕು ಎಂದು ತಿಳಿದು ಬರೀ ಆಂಟಿಬಯಾಟಿಕ್ ಕೊಟ್ಟರೆ ಮೂಳೆಗಳು ಕುಸಿಯುತ್ತವೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಮಧುಮೇಹ ಪಾದದಲ್ಲಿ ಮೂಳೆ ತೆಗೆಯದೆ ಔಷಧದಿಂದಲೇ ನಿಭಾಯಿಸುವುದಾದರೆ ಸುಮಾರು ಆರು ವಾರ, ಸೋಂಕಿನ ಮೂಳೆ ತೆಗೆದ ಮೇಲೂ ಅಂಚಿನಲ್ಲಿ ಸೋಂಕು ಉಳಿದಿದ್ದರೆ ಮೂರು ವಾರದವರೆಗೆ ಎನ್ನುತ್ತದೆ. ಹದಿನಾಲ್ಕು ತಿಂಗಳ ಮಾತ್ರೆ ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಕಚೇರಿಯಲ್ಲಿ ಒಂದೇ ದೋಷ ಮೂರು ಸಲ ಮರಳಿ ಬಂದರೆ ಅದನ್ನು ಮುಚ್ಚಲು ಬಿಡುವುದಿಲ್ಲ, ಮೂಲ ಹುಡುಕು ಎನ್ನುತ್ತೇವೆ. ಕಾಲಿನ ಹುಣ್ಣಿಗೆ ಆ ನಿಯಮ ಹಾಕುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಹಿರಿಯರು ಊರಲ್ಲಿ, ನಾವು ಇಲ್ಲಿ. ವಿಡಿಯೋ ಕಾಲಿನಲ್ಲಿ ಮುಖ ಕಾಣುತ್ತದೆ, ಪಾದ ಕಾಣುವುದಿಲ್ಲ. "ಏನಿಲ್ಲಪ್ಪ, ಸಣ್ಣ ಗಾಯ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜಕ್ಕೂ ನೋಯುತ್ತಿರುವುದಿಲ್ಲ.

ಒಂದೂವರೆ ಶತಮಾನದಲ್ಲಿ ಪೆನಿಸಿಲಿನ್ ಬಂತು, ಸಿಪ್ರೊ ಬಂತು, ಎರಡಕ್ಕೂ ರೋಗಾಣು ದಾರಿ ಕಂಡುಕೊಂಡಿತು. ಸೈಮ್, ಆರ್, ಬ್ರ್ಯಾಂಡ್ ಕಲಿಸಿದ್ದು ಮಾತ್ರ ಹಳತಾಗಿಲ್ಲ. ಆದ್ದರಿಂದ ಮುಂದಿನ ಸಲ ಊರಿನಿಂದ ಇಂಥ ಪಾದವೊಂದು ಬಸ್ಸಿಳಿದು ನಿಮ್ಮ ಮನೆಗೆ ಬಂದರೆ, ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಪಾದಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ? ಮೂಳೆಗೆ ತಾಗಿದೆಯೇ ಎಂದು ನೋಡಿದ್ದೀರಾ? ಆ ಜಾಗದ ಮೇಲಿನ ಭಾರ ತೆಗೆಯುವುದು ಹೇಗೆ? ಮಾತ್ರೆಯ ಹೆಸರನ್ನು ಆಮೇಲೆ ಕೇಳಿದರಾಯಿತು.